ಟಾರು ಮುಗಿದಲ್ಲಿ ನಡಿಗೆ ಶುರು: ಮೋಟರ್‌ಹೋಮ್‌ನಲ್ಲಿ ಚೆನ್ನೈನಿಂದ ಮೂರು ಬಣ್ಣದ ಬಯಲುಗಳಿಗೆ

ಮರಳುಗಾಡು ನೋಡಬೇಕೆಂದರೆ ಚೆನ್ನೈನ ಕನ್ನಡಿಗರು ಜೈಸಲ್ಮೇರಿನ ದಾರಿ ಹಿಡಿಯುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ತೂತ್ತುಕುಡಿ ಜಿಲ್ಲೆಯಲ್ಲಿ ಕಡುಗೆಂಪು ಮರಳಿನ ದಿಬ್ಬಗಳು ಸಾವಿರಾರು ಎಕರೆ ಹಬ್ಬಿವೆ. ಪೆರಂಬಲೂರು ಜಿಲ್ಲೆಯ ಕಾರೈ ಎಂಬ ಹಳ್ಳಿಯ ಬಳಿ ಹಳದಿ, ಬೂದು, ಇಟ್ಟಿಗೆಗೆಂಪು ಬಣ್ಣದ ಜೇಡಿಮಣ್ಣಿನ ಕೊರಕಲುಗಳಿವೆ. ಪುದುಚೇರಿಗೆ ಸ್ವಲ್ಪ ಮೊದಲು, ಬೊಮ್ಮಯಾರ್‌ಪಾಳಯದ ಹತ್ತಿರ ಕೆಂಪು ಕಮರಿಯೊಂದಿದೆ. ಹವಾಮಾನದ ಲೆಕ್ಕದಲ್ಲಿ ಇವು ಮರುಭೂಮಿಗಳಲ್ಲ, ಮಳೆ ಬೀಳುವ ನೆಲಗಳು. ಆದರೂ ಒಳಗೆ ಕಾಲಿಟ್ಟವರಿಗೆ ಮರುಭೂಮಿಯ ವಿಸ್ತಾರ, ಬಣ್ಣ, ಬಿಸಿಲು ಎಲ್ಲವೂ ಸಿಗುತ್ತವೆ.

ಈ ಮೂರು ನೆಲಗಳ ಹುಟ್ಟು ಬೇರೆ ಬೇರೆ. ಕಮರಿಯಲ್ಲಿ ಮನುಷ್ಯನ ಕೊಡಲಿಯ ಪಾಲಿದೆ. ಕಾರೈ ಬಯಲು ಸಮುದ್ರದ್ದು. ತೂತ್ತುಕುಡಿಯ ದಿಬ್ಬಗಳು ಗಾಳಿಯವು. ಕಾರಿನ ಕಿಟಕಿಯಿಂದ ನೋಡಿದರೆ ಮೂರೂ ಒಂದೇ ಥರದ ಕೆಂಪು ಮಣ್ಣು. ನಡೆದರೆ ಮಾತ್ರ ವ್ಯತ್ಯಾಸ ಅರಿವಿಗೆ ಬರುತ್ತದೆ.

ಇಲ್ಲಿ ನಡೆಯಲು ತಕ್ಕ ಹೊತ್ತು ಎರಡೇ: ಸೂರ್ಯೋದಯದಿಂದ ಒಂಬತ್ತು ಗಂಟೆಯವರೆಗೆ, ಮತ್ತೆ ನಾಲ್ಕರಿಂದ ಕತ್ತಲಾಗುವವರೆಗೆ. ಲಾಡ್ಜುಗಳೆಲ್ಲ ದೂರದ ಪಟ್ಟಣಗಳಲ್ಲಿರುವುದರಿಂದ ಕೋಣೆ ಖಾಲಿ ಮಾಡಿ, ತಿಂಡಿ ಮುಗಿಸಿ ಬರುವಷ್ಟರಲ್ಲಿ ಬೆಳಗಿನ ಹೊತ್ತು ಕಳೆದುಹೋಗಿರುತ್ತದೆ. ಮೋಟರ್‌ಹೋಮ್ ಉಪಯೋಗಕ್ಕೆ ಬರುವುದು ಇಲ್ಲೇ. ಹತ್ತಿರದ ಊರಿನಲ್ಲಿ ಮಲಗಿ, ವಾಹನದಲ್ಲೇ ಕಾಫಿ ಕಾಯಿಸಿಕೊಂಡು, ಬೆಳಕು ಹರಿಯುವಾಗ ಬಯಲಿನ ಅಂಚಿನಲ್ಲಿರಬಹುದು. ಅದರ ಕೆಲಸ ಅಂಚಿನವರೆಗೆ ಮಾತ್ರ. ಟಾರು ಮುಗಿದಲ್ಲಿ ಚಕ್ರ ನಿಲ್ಲಬೇಕು, ಕಾಲು ಶುರುವಾಗಬೇಕು.

ಯಾವಾಗ ಹೋಗಬೇಕು

ಜನವರಿಯಿಂದ ಫೆಬ್ರವರಿ ಕೊನೆಯವರೆಗೆ ಉತ್ತಮ ಕಾಲ. ಮಾರ್ಚ್ ಮಧ್ಯದ ನಂತರ ಬಿಸಿಲು ನಡಿಗೆಯನ್ನು ದಂಡನೆಯಾಗಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾನ್ಸೂನಿನ ಗಾಳಿ ಪಶ್ಚಿಮ ಘಟ್ಟದ ಕಣಿವೆಗಳಿಂದ ನುಗ್ಗಿ ಬರುತ್ತದೆ. ಆರಲ್ವಾಯ್‌ಮೊಳಿ ಕಣಿವೆಯ ಬಾಯಲ್ಲಿ, ಮುಪ್ಪಂದಲ್‌ನಲ್ಲಿ ಗಾಳಿಯಂತ್ರಗಳ ದೊಡ್ಡ ಸಾಲು ನಿಂತಿರುವುದು ಈ ಗಾಳಿಯನ್ನು ನಂಬಿಯೇ. ಆಗ ತೂತ್ತುಕುಡಿಯ ದಿಬ್ಬಗಳ ಮೇಲೆ ಕಣ್ಣು ಬಿಡುವುದೂ ಕಷ್ಟ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾನ್ಸೂನು. 2023ರ ಡಿಸೆಂಬರ್ 17–18ರಂದು ತಿರುಚೆಂದೂರಿನ ಪಕ್ಕದ ಕಾಯಲ್‌ಪಟ್ಟಿನಂನಲ್ಲಿ 24 ಗಂಟೆಗಳಲ್ಲಿ ಸುಮಾರು 95 ಸೆಂಟಿಮೀಟರ್ ಮಳೆ ಸುರಿದು ಸೇತುವೆ, ರಸ್ತೆ, ರೈಲು ಮಾರ್ಗ ಕೊಚ್ಚಿಹೋದವು. ಒಣನೆಲವೆಂಬ ಧೈರ್ಯದಲ್ಲಿ ಈ ತಿಂಗಳುಗಳಲ್ಲಿ ಹೊರಡಬೇಡಿ. ನವರಾತ್ರಿಯಲ್ಲಿ ನಮ್ಮ ಮೈಸೂರು ದಸರೆ ನಡೆಯುವಾಗಲೇ ಅದೇ ತಿರುಚೆಂದೂರಿನ ಹತ್ತಿರದ ಕುಲಶೇಖರಪಟ್ಟಿನಂನ ಮುತ್ತಾರಮ್ಮನ್ ದೇವಸ್ಥಾನದ ದಸರೆಗೆ ಭಾರಿ ಜನ ಸೇರುತ್ತಾರೆ. ಹಬ್ಬ ನೋಡುವ ಆಸೆಯಿದ್ದರೆ ಬಸ್ಸಿನಲ್ಲಿ ಹೋಗಿ, ದೊಡ್ಡ ವಾಹನ ತರಬೇಡಿ.

ವಾಹನ: ಹತ್ತುವ ಮೊದಲು ನೋಡಬೇಕಾದದ್ದು

ನಮ್ಮ ಕಡೆ ಬಾಡಿಗೆಗೆ ಸಿಗುವ ಮೋಟರ್‌ಹೋಮ್‌ಗಳಲ್ಲಿ ಫೋರ್ಸ್ ಟ್ರಾವೆಲರ್‌ನಂಥ ವ್ಯಾನುಗಳ ಮೇಲೆ ಕಟ್ಟಿದವು ಹೆಚ್ಚು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆರ್‌ಸಿ ಕೇಳಿ ನೋಡಿ. ಮಾಮೂಲಿ ವ್ಯಾನಿಗೆ ಹಾಸಿಗೆ, ಒಲೆ ಜೋಡಿಸಿ ದಾಖಲೆ ಬದಲಿಸದೆ ಓಡಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ. ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು. ಕರ್ನಾಟಕದ ಬಾಡಿಗೆ ವಾಹನವನ್ನು ತಮಿಳುನಾಡಿಗೆ ತರುವುದಾದರೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರಬೇಕು. ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆದರೂ ಹಿಂದೆಂದೂ ದೊಡ್ಡ ವ್ಯಾನು ಓಡಿಸದವರು ಚಾಲಕರೊಂದಿಗೆ ಹೋಗುವುದೇ ಕ್ಷೇಮ.

ವಾಹನದ ಎತ್ತರ ಎಷ್ಟೆಂದು ಕೇಳಿ, ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಿ. ಹಳ್ಳಿ ರಸ್ತೆಗಳಲ್ಲಿ ತಗ್ಗಿನ ವಿದ್ಯುತ್ ತಂತಿ, ದೇವಸ್ಥಾನದ ಸ್ವಾಗತ ಕಮಾನು, ಜಾಲಿಯ ಕೊಂಬೆ ಎದುರಾಗುತ್ತವೆ. ನೀರಿನ ಟ್ಯಾಂಕನ್ನು ಚೆನ್ನೈನಲ್ಲೇ ತುಂಬಿ ಹೊರಡುವುದು ಬೇಡ. ನೂರು ಲೀಟರ್ ಎಂದರೆ ನೂರು ಕಿಲೋ ಭಾರ. ತಿರುಚ್ಚಿಯಲ್ಲೋ ತಿರುಚೆಂದೂರಿನಲ್ಲೋ ತುಂಬಿಸಿದರೆ ಸಾಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಸಂಗ್ರಹವಾಗುತ್ತದೆ. ಆದ್ದರಿಂದ ಸಿಲಿಂಡರಿನ ಗೂಡಿಗೆ ತಳದಲ್ಲಿ ಗಾಳಿಕಿಂಡಿ ಇದೆಯೇ ನೋಡಿ. ಮಲಗುವಾಗ ರೆಗ್ಯುಲೇಟರ್ ಬಂದ್ ಮಾಡಿ. ಎಸಿಗೆಂದು ಎಂಜಿನ್ ಓಡಿಸಿಟ್ಟು ಮಲಗುವುದು ಪ್ರಾಣಾಪಾಯ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ಈ ದಾರಿಯಲ್ಲಿ ಪ್ಲಗ್, ನಲ್ಲಿ, ಚರಂಡಿ ಜೋಡಣೆಯಿರುವ ಕ್ಯಾರವಾನ್ ಪಾರ್ಕುಗಳನ್ನು ನಂಬಿ ಯೋಜನೆ ಹಾಕಬೇಡಿ. ತಮಿಳುನಾಡು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲುಗಳು, ಖಾಸಗಿ ರೆಸಾರ್ಟುಗಳು, ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕುಗಳಿಗೆ ಮೊದಲೇ ಫೋನ್ ಮಾಡಿ ಅಂಗಳ ಕೇಳಿ. ಒಂದು ಕೋಣೆಯ ಬಾಡಿಗೆ ಕೊಟ್ಟರೆ ಸ್ನಾನ, ಶೌಚ, ವಿದ್ಯುತ್ ಮೂರೂ ಬಗೆಹರಿಯುತ್ತವೆ. ಶೌಚದ ಟ್ಯಾಂಕನ್ನು ಹೊಲದಲ್ಲಿ, ಹಳ್ಳದಲ್ಲಿ ಖಾಲಿ ಮಾಡುವುದು ಆ ಊರಿಗೆ ಮಾಡುವ ಅವಮಾನ.

ದಾರಿ

ಚೆನ್ನೈನಿಂದ ಪೂರ್ವ ಕರಾವಳಿ ರಸ್ತೆಯಲ್ಲಿ ಪುದುಚೇರಿಯವರೆಗೆ ಸುಮಾರು 150 ಕಿ.ಮೀ. ಅಲ್ಲಿಂದ ವಿಳುಪ್ಪುರಂ ತಲುಪಿದರೆ ರಾಷ್ಟ್ರೀಯ ಹೆದ್ದಾರಿ 38 ಸಿಗುತ್ತದೆ. ಪೆರಂಬಲೂರು, ತಿರುಚ್ಚಿ, ಮಧುರೈ ದಾಟಿ ತೂತ್ತುಕುಡಿಯವರೆಗೂ ಇದೊಂದೇ ಹೆದ್ದಾರಿ. ತೂತ್ತುಕುಡಿಯಿಂದ ತಿರುಚೆಂದೂರಿಗೆ ಇನ್ನು ಸುಮಾರು 40 ಕಿ.ಮೀ. ಬೆಂಗಳೂರಿನಿಂದ ಬರುವವರು ಸೇಲಂ, ಆತ್ತೂರು ಮಾರ್ಗವಾಗಿ ಪೆರಂಬಲೂರಿನಲ್ಲಿ ಇದೇ ದಾರಿಯನ್ನು ಕೂಡಿಕೊಳ್ಳಬಹುದು. ಒಂದು ವಾರ ಇಟ್ಟುಕೊಳ್ಳಿ: ಕಮರಿಗೆ ಒಂದು ಬೆಳಿಗ್ಗೆ, ಕಾರೈಗೆ ಒಂದು ಸಂಜೆ ಮತ್ತು ಒಂದು ಬೆಳಿಗ್ಗೆ, ತೂತ್ತುಕುಡಿಯ ದಿಬ್ಬಗಳಿಗೆ ಎರಡು ದಿನ. ಉಳಿದದ್ದು ಪ್ರಯಾಣಕ್ಕೂ ವಿಶ್ರಾಂತಿಗೂ. ರಾತ್ರಿ ವಾಹನ ಓಡಿಸುವ ಪ್ರಮೇಯವೇ ಬರಬಾರದು.

ಹೊರಡುವ ಮುನ್ನ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಭೂವಿಜ್ಞಾನ ವಿಭಾಗವನ್ನು ನೋಡಿ. 1851ರಲ್ಲಿ ಎಡ್ವರ್ಡ್ ಬಾಲ್ಫೋರ್ ಕೈಯಲ್ಲಿ ಈ ಸಂಗ್ರಹಾಲಯ ಆರಂಭವಾದದ್ದೇ ಕಲ್ಲು, ಖನಿಜಗಳ ಮಾದರಿಗಳಿಂದ. ಅಲ್ಲಿ ಪಳೆಯುಳಿಕೆಗಳನ್ನು ನೋಡಿಕೊಂಡ ಕಣ್ಣು ಕಾರೈ ಬಯಲಿನಲ್ಲಿ ಚುರುಕಾಗಿರುತ್ತದೆ.

ಕೆಂಪು ಕಮರಿ: ಕಾಡು ಹೋದ ಮೇಲೆ ಉಳಿದದ್ದು

ಬೊಮ್ಮಯಾರ್‌ಪಾಳಯದ ಒಳಗೆ, ಆರೋವಿಲ್ ಪ್ರಸ್ಥಭೂಮಿಯ ಅಂಚಿನಲ್ಲಿ ಮಳೆನೀರು ಕೆಮ್ಮಣ್ಣನ್ನು ಕೊರೆದು ಸಮುದ್ರದತ್ತ ಇಳಿದಿದೆ. ಮೇಲಿನ ಪದರ ಗಾಢ ಕೆಂಪು, ಕೆಳಗಿಳಿದಂತೆ ಹಳದಿ, ನಸುಗೆಂಪು, ಬಿಳಿ. ಒಂದು ಕಾಲಕ್ಕೆ ಇಲ್ಲಿ ಕರಾವಳಿಯ ಒಣ ನಿತ್ಯಹರಿದ್ವರ್ಣ ಕಾಡಿತ್ತು. ಮರ ಕಡಿದ ಮೇಲೆ ಮಣ್ಣು ಹಿಡಿದಿಡುವ ಬೇರು ಇಲ್ಲವಾಗಿ, ಪ್ರತಿ ಮಳೆಗಾಲವೂ ನೆಲವನ್ನು ಕಡಲಿಗೆ ಒಯ್ದಿತು. 1968ರ ಫೆಬ್ರವರಿ 28ರಂದು ಆರೋವಿಲ್ ಸ್ಥಾಪನೆಯಾದಾಗ ಸುತ್ತಮುತ್ತ ಬಹುಪಾಲು ಇಂಥದ್ದೇ ಬರಡು. ಬದು ಹಾಕಿ, ನೀರಿಂಗಿಸಿ, ಸಸಿ ನೆಟ್ಟು ಅಲ್ಲಿನವರು ಕಾಡನ್ನು ಮರಳಿ ತಂದಿದ್ದಾರೆ.

ಕಮರಿಯ ಗೋಡೆಗಳು ಕಲ್ಲಲ್ಲ, ಸಡಿಲ ಮಣ್ಣು. ಅಂಚಿನಿಂದ ಎರಡಾಳು ದೂರವಿರಿ, ಗೋಡೆಯ ಬುಡದಲ್ಲಿ ಕೂರಬೇಡಿ, ಮಕ್ಕಳನ್ನು ಇಳಿಜಾರಿನಲ್ಲಿ ಜಾರಲು ಬಿಡಬೇಡಿ. ಒಂದೂವರೆ ಗಂಟೆಯ ನಡಿಗೆ ಇಲ್ಲಿ ಸಾಕು. ಬಳಿಕ ತಿರುವಕ್ಕರೈನ ಕಲ್ಲುಮರದ ಉದ್ಯಾನಕ್ಕೆ ಹೋಗಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕಾಯ್ದುಕೊಂಡಿರುವ ಈ ಜಾಗದಲ್ಲಿ ಸುಮಾರು 2 ಕೋಟಿ ವರ್ಷ ಹಳೆಯ ಕಾಂಡಗಳು ಕಲ್ಲಾಗಿ ಬಿದ್ದಿವೆ. ಬೆಳವಣಿಗೆಯ ಉಂಗುರ, ಗಂಟು ಎಲ್ಲ ಕಾಣುತ್ತವೆ.

ಕಾರೈ: ಒಣಗಿದ ಕಡಲಿನ ತಳ

ಪೆರಂಬಲೂರು ದಾಟಿ ತಿರುಚ್ಚಿಯ ಕಡೆಗೆ ಸಾಗುವಾಗ ಪಾಡಾಲೂರಿನಲ್ಲಿ ಹೆದ್ದಾರಿ ಬಿಟ್ಟು, ಊಟ್ಟತ್ತೂರು ಮಾರ್ಗವಾಗಿ ಕಾರೈಗೆ ಹೋಗಬೇಕು. ಸುಮಾರು 10 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಯುಗದಲ್ಲಿ, ಇಲ್ಲಿ ಕಡಲಿತ್ತು. ಅದರ ತಳದಲ್ಲಿ ಕೂತ ಜೇಡಿಮಣ್ಣು ಈಗ ಮೇಲೆ ಬಂದು, ಮಳೆಗೆ ಸಾವಿರಾರು ಸಣ್ಣ ಕಣಿವೆಗಳಾಗಿ ಸೀಳಿದೆ. ಬೂದು ಮಣ್ಣಿನ ಮೇಲೆ ಕಬ್ಬಿಣಾಂಶದ ಹಳದಿ, ಕಂದು ಪಟ್ಟೆಗಳು. ನಡುವೆ ಜಿಪ್ಸಮ್ ಹಾಳೆಗಳು ಎಳೆಬಿಸಿಲಿಗೆ ಗಾಜಿನ ಚೂರಿನಂತೆ ಮಿನುಗುತ್ತವೆ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ ಈ ಮಣ್ಣಿನಲ್ಲಿ ಗಿಡ ಬೇರೂರುವುದು ಕಷ್ಟ. ಬಯಲು ಬೋಳಾಗಿರುವುದಕ್ಕೆ ಇದೂ ಕಾರಣ.

ಹೆನ್ರಿ ಬ್ಲಾನ್‌ಫೋರ್ಡ್ 1862ರಲ್ಲಿ ಈ ಭಾಗದ ಬಂಡೆಗಳ ವಿವರಗಳನ್ನು ಪ್ರಕಟಿಸಿದ. ಅಂದಿನಿಂದ ತಿರುಚ್ಚಿ ಸೀಮೆಯ ಪಳೆಯುಳಿಕೆಗಳು ಜಗತ್ತಿನ ಭೂವಿಜ್ಞಾನಿಗಳಿಗೆ ಪರಿಚಿತ; ಊಟ್ಟತ್ತೂರು ಮತ್ತು ಕಾರೈ ಹೆಸರುಗಳು ಶಿಲಾಸಮೂಹಗಳ ಹೆಸರುಗಳಾಗಿಯೇ ಬಳಕೆಯಲ್ಲಿವೆ. ಇಲ್ಲಿ ಸಿಗುವ ಜೀವಿಗಳಲ್ಲಿ ಮುಖ್ಯವಾದವು ಸುರುಳಿ ಚಿಪ್ಪಿನ ಅಮೊನೈಟ್ ಮತ್ತು ಬಾಣದ ಮೊನೆಯಂಥ ಬೆಲೆಮ್ನೈಟ್. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಚಕ್ರವೂ ಅಮೊನೈಟಿನ ಗುರುತೇ. ಹಿಮಾಲಯದ ಕಡಲು, ಪೆರಂಬಲೂರಿನ ಕಡಲು ಬೇರೆ ಬೇರೆ. ಜೀವಿಯ ಕುಲ ಒಂದೇ. ಸಾಲಿಗ್ರಾಮಕ್ಕೆ ಕೈಮುಗಿಯುವವರು ಇಲ್ಲಿ ಕಾಲಿಡುವಾಗ ಅದೇ ಎಚ್ಚರ ಇಟ್ಟುಕೊಂಡರೆ ಸಾಕು.

ಪಳೆಯುಳಿಕೆ ಕಂಡರೆ ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೊ ತೆಗೆಯಿರಿ, ನಾಣ್ಯ ಮಾತ್ರ ಜೇಬಿಗೆ ಹಾಕಿಕೊಳ್ಳಿ. ಯಾವ ಪದರದಲ್ಲಿ ಬಿದ್ದಿತ್ತು ಎಂಬುದರಲ್ಲೇ ಅದರ ಅರ್ಥವಿದೆ. ಮನೆಯ ಶೋಕೇಸಿನಲ್ಲಿ ಅದು ಬರೀ ಕಲ್ಲು. ಕಣಿವೆಗಳ ತಳದಲ್ಲಿ ನಡೆದರೆ ದಿಕ್ಕು ತಪ್ಪುತ್ತದೆ, ದಿಣ್ಣೆಯ ಬೆನ್ನಿನ ಮೇಲೆ ನಡೆಯಿರಿ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಒಳಗೆ ಹೋಗಲೇಬೇಡಿ. ಈ ಜೇಡಿ ಕಾಲನ್ನೂ ಚಕ್ರವನ್ನೂ ಹಿಡಿದುಬಿಡುತ್ತದೆ. ಕಾರೈ ಇರುವ ಆಲತ್ತೂರು ತಾಲ್ಲೂಕಿನಲ್ಲೇ, ಸಾತ್ತನೂರಿನಲ್ಲಿ 18 ಮೀಟರಿಗೂ ಉದ್ದದ ಕಲ್ಲಾದ ಮರವೊಂದಿದೆ. 1940ರಲ್ಲಿ ಅದನ್ನು ವರದಿ ಮಾಡಿದವರು ಭೂವಿಜ್ಞಾನಿ ಎಂ. ಎಸ್. ಕೃಷ್ಣನ್. ನೆರಳಿನ ಹೊತ್ತು ಕಳೆಯಲು ಅರಿಯಲೂರಿನ ವಾರಣವಾಸಿಯಲ್ಲಿರುವ ಪಳೆಯುಳಿಕೆ ಸಂಗ್ರಹಾಲಯ ಸೂಕ್ತ.

ತೇರಿಕಾಡು: ಗಾಳಿ ಕಟ್ಟಿದ ಕೆಂಪು

ತಿರುಚೆಂದೂರು, ಸಾತ್ತಾನ್‌ಕುಳಂ, ಉಡನ್‌ಗುಡಿ ಊರುಗಳ ನಡುವೆ ಹಬ್ಬಿರುವ ಕೆಂಪು ಮರಳಿನ ದಿಬ್ಬಗಳನ್ನು ಸ್ಥಳೀಯರು ತೇರಿ ಎನ್ನುತ್ತಾರೆ. ಕುದಿರೈಮೊಳಿ ತೇರಿ ಇವುಗಳಲ್ಲಿ ಪ್ರಸಿದ್ಧ. ಹಿಮಯುಗದ ಉತ್ತುಂಗದಲ್ಲಿ ಜಗತ್ತಿನ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಮನ್ನಾರ್ ಕೊಲ್ಲಿಯ ತಳವೂ ಬಹಳ ದೂರ ಬಯಲಾಗಿತ್ತು. ಕಡಲು ತಂದ ಮರಳು, ನದಿ ತಂದ ಮರಳು ಎರಡನ್ನೂ ಗಾಳಿ ಎತ್ತಿ ಗುಡ್ಡೆ ಹಾಕಿತು. ಈ ಮರಳಿನಲ್ಲಿ ಇಲ್ಮನೈಟ್, ಮ್ಯಾಗ್ನಟೈಟ್, ಗಾರ್ನೆಟ್‌ನಂಥ ಕಬ್ಬಿಣಾಂಶದ ಭಾರ ಖನಿಜಗಳು ಬೆರೆತಿವೆ. ಅವು ಸವೆದು ಬಿಟ್ಟ ಕಬ್ಬಿಣ ತುಕ್ಕಾಗಿ ಪ್ರತಿ ಬಿಳಿ ಹರಳಿಗೂ ಕೆಂಪು ಲೇಪ ಹಚ್ಚಿದೆ. ಬೆಳಿಗ್ಗೆ ಕಂದುಗೆಂಪು, ಮಧ್ಯಾಹ್ನ ಕಿತ್ತಳೆ, ಮುಳುಗುವ ಬಿಸಿಲಿಗೆ ರಕ್ತಚಂದನ: ಒಂದೇ ದಿಬ್ಬ ಹೀಗೆ ಬದಲಾಗುತ್ತದೆ.

ಮನುಷ್ಯ ಇಲ್ಲಿಗೆ ಹೊಸಬನಲ್ಲ. ತೇರಿಗಳಲ್ಲಿ ಬೆರಳುಗುರು ಗಾತ್ರದ ಸೂಕ್ಷ್ಮ ಶಿಲಾಯುಧಗಳಿರುವುದನ್ನು ಮೊದಲು ಗುರುತಿಸಿದವನು ರಾಬರ್ಟ್ ಬ್ರೂಸ್ ಫೂಟ್. ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಪ್ರಾಗಿತಿಹಾಸವನ್ನು ಬೆಳಕಿಗೆ ತಂದವನೂ ಅವನೇ. 1956ರಲ್ಲಿ ಎಫ್. ಇ. ಝೋಯ್ನರ್ ಮತ್ತು ಬ್ರಿಜೆಟ್ ಆಲ್ಚಿನ್ ಈ ನೆಲೆಗಳ ಅಧ್ಯಯನ ಪ್ರಕಟಿಸಿದರು. ಮರಳಿನ ಮೇಲೆ ಚೂಪಾದ ಸಣ್ಣ ಕಲ್ಲುಚಕ್ಕೆ ಕಂಡರೆ ಅದನ್ನು ಇದ್ದಲ್ಲಿಯೇ ಬಿಡಿ.

ನಡಿಗೆಗೆ ಎರಡು ಒಳ್ಳೆಯ ಆರಂಭಗಳಿವೆ. ಒಂದು, ಕಾಯಾಮೊಳಿ ಬಳಿಯ ತೇರಿಕುಡಿಯಿರುಪ್ಪಿನ ಕರ್ಕುವೇಲ್ ಅಯ್ಯನಾರ್ ದೇವಸ್ಥಾನ. ಕಾರ್ತಿಗೈ ಮಾಸದ ಕೊನೆಯಲ್ಲಿ ಇಲ್ಲಿ ನಡೆಯುವ ಕಳ್ಳರ್ ವೆಟ್ಟು ಹಬ್ಬದಲ್ಲಿ ಭಕ್ತರು ತೇರಿಯ ಮಣ್ಣನ್ನೇ ಪ್ರಸಾದವೆಂದು ಒಯ್ಯುತ್ತಾರೆ. ಇನ್ನೊಂದು, ಮೇಲ ಪುದುಕುಡಿಯ ಅರುಂಜುನೈ ಕಾತ್ತ ಅಯ್ಯನಾರ್ ದೇವಸ್ಥಾನ. ಒಣ ಮರಳಿನ ಮಧ್ಯೆ ಇಲ್ಲಿ ಸಿಹಿನೀರಿನ ಚಿಲುಮೆಯಿದೆ. ಮಳೆಯನ್ನು ಹಿಡಿದಿಡದೆ ಕೆಳಗಿಳಿಸುವ ಮರಳಿನ ಗುಣವನ್ನು ಕಣ್ಣಾರೆ ಕಾಣಲು ಇದೇ ಜಾಗ. ಎರಡೂ ಕಡೆ ದೇವಸ್ಥಾನದವರನ್ನು ಕೇಳಿಯೇ ವಾಹನ ನಿಲ್ಲಿಸಿ. ತೇರಿಯ ಕೆಲ ಭಾಗ ಮೀಸಲು ಅರಣ್ಯ; ತಿರುಚೆಂದೂರಿನ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಂಡು ಹೋಗಿ, ಒಳಗೆ ರಾತ್ರಿ ತಂಗುವ ಯೋಚನೆ ಬೇಡ.

ಮರಳಲ್ಲಿ ನಡೆಯುವುದಕ್ಕೆ ಕ್ರಮವಿದೆ. ಗಾಳಿಗೆ ಮುಖ ಮಾಡಿದ ಇಳಿಜಾರು ಗಟ್ಟಿ, ಮರೆಯ ಇಳಿಜಾರು ಸಡಿಲ. ಗಟ್ಟಿ ಮಗ್ಗುಲಲ್ಲಿ ಹತ್ತಿ. ಹೆಜ್ಜೆ ಚಿಕ್ಕದಾಗಿರಲಿ, ಓರೆಯಾಗಿ ಏರಿ, ಹಿಂದಿನವರು ಮುಂದಿನವರ ಹೆಜ್ಜೆಗುರುತಿನಲ್ಲೇ ಕಾಲಿಡಲಿ. ಸಮನೆಲದಲ್ಲಿ ಗಂಟೆಗೆ ನಾಲ್ಕು ಕಿ.ಮೀ. ನಡೆಯುವವರು ಇಲ್ಲಿ ಎರಡರ ಲೆಕ್ಕ ಇಟ್ಟುಕೊಳ್ಳಬೇಕು. ತಲಕಾಡಿನ ಮರಳಿನಲ್ಲಿ ದೇವಸ್ಥಾನ ಸುತ್ತಿದವರಿಗೆ ಇದು ಗೊತ್ತಿರುತ್ತದೆ. ಗೊತ್ತಿಲ್ಲದವರು ಮೊದಲು ಅಲ್ಲಿ ಒಂದು ದಿನ ಅಭ್ಯಾಸ ಮಾಡಬಹುದು. ಗಾಳಿ ಹೆಜ್ಜೆಗುರುತನ್ನು ಬೇಗ ಅಳಿಸುತ್ತದೆ, ಒಂದು ದಿಬ್ಬ ಇನ್ನೊಂದರಂತೆಯೇ ಇರುತ್ತದೆ. ವಾಹನ ನಿಂತ ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತಿಸಿ, ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಒಂದು ಪವರ್ ಬ್ಯಾಂಕ್ ಜೊತೆಗಿಡಿ. ಒಬ್ಬರು ವಾಹನದಲ್ಲೇ ಉಳಿದು, ನೀವು ಹಿಂದಿರುಗುವ ಹೊತ್ತನ್ನು ತಿಳಿದಿರಲಿ.

ದಾರಿಯುದ್ದಕ್ಕೂ ಕೊಡೆಯಾಕಾರದ ಜಾಲಿ, ತಾಳೆಮರ, ಅರಣ್ಯ ಇಲಾಖೆ ನೆಟ್ಟ ಗೇರುಮರ. ತಾಳೆ ತಮಿಳುನಾಡಿನ ರಾಜ್ಯವೃಕ್ಷ. ಬೇಸಿಗೆ ಹತ್ತಿರವಾದಂತೆ ಮರವೇರುವವರು ಇಳಿಸುವ ಸಿಹಿ ಪದನೀರನ್ನು ಕಾಯಿಸಿ ಮಾಡುವ ಉಡನ್‌ಗುಡಿ ಕರುಪಟ್ಟಿಗೆ, ಅಂದರೆ ತಾಟಿಬೆಲ್ಲಕ್ಕೆ, ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಊರಲ್ಲಿ ತಯಾರಕರಿಂದಲೇ ಕೊಳ್ಳಿ.

ಬಿಸಿಲೇರಿದ ಮೇಲೆ ಮಣಪ್ಪಾಡು ಕರಾವಳಿಗೆ ಇಳಿಯಿರಿ. 1542ರಲ್ಲಿ ಇಲ್ಲಿಗೆ ಬಂದ ಸಂತ ಫ್ರಾನ್ಸಿಸ್ ಝೇವಿಯರ್ ವಾಸವಿದ್ದ ಗುಹೆ, ಮರಳುಗುಡ್ಡದ ಮೇಲೆ 1581ರ ಹೋಲಿ ಕ್ರಾಸ್ ಚರ್ಚು ಇವೆ. ಪಕ್ಕದ ಕುಲಶೇಖರಪಟ್ಟಿನಂನಲ್ಲಿ ಇಸ್ರೋದ ಎರಡನೇ ಉಡಾವಣಾ ಕೇಂದ್ರಕ್ಕೆ 2024ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಗಿದೆ. ಈ ಭಾಗದಲ್ಲಿ ಡ್ರೋನ್ ಹಾರಿಸಬೇಡಿ, ಕಡಲತೀರದಲ್ಲಿ ವಾಹನ ನಿಲ್ಲಿಸಿ ಮಲಗಬೇಡಿ.

ಚೀಲದಲ್ಲಿ ಏನಿರಬೇಕು, ಆಪತ್ತಿಗೆ ಏನು ಮಾಡಬೇಕು

ಮೂರು ಗಂಟೆಯ ನಡಿಗೆಗೆ ತಲೆಗೆ ಎರಡು ಲೀಟರ್ ನೀರು ಚೀಲದಲ್ಲಿ, ಅಷ್ಟೇ ನೀರು ವಾಹನದಲ್ಲಿ. ಒಆರ್‌ಎಸ್ ಪೊಟ್ಟಣ, ಉಪ್ಪು ಸವರಿದ ಕಡಲೆಬೀಜ, ಅಗಲ ಅಂಚಿನ ಟೋಪಿ, ಉದ್ದ ತೋಳಿನ ಹತ್ತಿ ಅಂಗಿ, ಕಣ್ಣಿಗೆ ಕನ್ನಡಕ, ಮೂಗಿಗೆ ಒಂದು ಪಂಚೆ ತುಂಡು, ಸೀಟಿ, ಟಾರ್ಚ್. ಕಣಕಾಲು ಮುಚ್ಚುವ ಬೂಟು ಕಡ್ಡಾಯ. ಚಪ್ಪಲಿಯಲ್ಲಿ ಬಂದರೆ ಕಾದ ಮರಳು ಸುಡುತ್ತದೆ, ಜಾಲಿಮುಳ್ಳು ತೂರುತ್ತದೆ.

ತಲೆಸುತ್ತು, ಓಕರಿಕೆ, ಮಾತು ತೊದಲು ಕಂಡರೆ ನಡಿಗೆ ಅಲ್ಲಿಗೇ ನಿಲ್ಲಲಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ ಗಾಳಿ ಬೀಸಿ. ಪೂರ್ತಿ ಎಚ್ಚರವಿದ್ದರೆ ಮಾತ್ರ ಕುಡಿಯಲು ಕೊಡಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ಇರಿಸಿ, 108ಕ್ಕೆ ಕರೆಮಾಡಿ, ಸರ್ಕಾರಿ ಆಸ್ಪತ್ರೆಗೆ ಸಾಗಿಸಿ.

ಇವು ಪಾಳುಭೂಮಿಗಳಲ್ಲ

ಸಂಗಂ ಕಾಲದ ತಮಿಳು ಕವಿಗಳು ನೆಲವನ್ನು ಐದು ಬಗೆಯಾಗಿ ಕಂಡರು. ಅದರಲ್ಲಿ ಒಣಭೂಮಿಯಾದ ಪಾಲೈಗೂ ತನ್ನದೇ ಹೂವು, ದೇವತೆ, ಕಾವ್ಯ ಇದ್ದವು. ನಮ್ಮ ಕಾಲ ಅದೇ ನೆಲವನ್ನು ಉಪಯೋಗಕ್ಕೆ ಬಾರದ್ದೆಂದು ಬಗೆದು ಕಸ ಸುರಿಯುತ್ತದೆ, ಮಣ್ಣು ಅಗೆಯುತ್ತದೆ. ತೇರಿಯ ಜನ ಹಾಗೆ ಬಗೆದಿಲ್ಲ. ಸಾತ್ತಾನ್‌ಕುಳಂ ಸುತ್ತಮುತ್ತಲ ಮರಳಿನಿಂದ ಟೈಟಾನಿಯಂ ತೆಗೆಯುವ ದೊಡ್ಡ ಯೋಜನೆ ಬಂದಾಗ 2007ರಲ್ಲಿ ಹಳ್ಳಿಗರು ಎದ್ದುನಿಂತರು, ಯೋಜನೆ ಮುಂದೆ ಸಾಗಲಿಲ್ಲ. ತಾಳೆ, ಗೇರು, ಚಿಲುಮೆ, ಅಯ್ಯನಾರ್ ಎಲ್ಲವನ್ನೂ ಈ ಮರಳು ಹೊತ್ತಿದೆ ಎಂದು ಅವರಿಗೆ ಗೊತ್ತಿತ್ತು.

ಪ್ರವಾಸಿಗಳಾದ ನಾವು ಆ ತಿಳಿವಳಿಕೆಯ ಜೊತೆಗೆ ನಿಲ್ಲಬಹುದು, ಅದಕ್ಕೆ ದೊಡ್ಡ ತ್ಯಾಗವೇನೂ ಬೇಕಿಲ್ಲ. ಚಕ್ರವನ್ನು ಟಾರಿನ ಮೇಲೆ ನಿಲ್ಲಿಸಿ. ಕಸವನ್ನು ವಾಹನದಲ್ಲೇ ಪಟ್ಟಣಕ್ಕೆ ಒಯ್ಯಿರಿ. ದಾರಿ ತೋರಿಸಲು ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಒಂದು ದಿನದ ಕೂಲಿಯನ್ನು ಸರಿಯಾಗಿ ಕೊಡಿ. ಅವರ ಮನೆಯ ಬೆಲ್ಲ, ಅವರ ಅಂಗಡಿಯ ಊಟ ಕೊಳ್ಳಿ. ಕೆಂಪು ನೆಲವನ್ನು ನೋಡಲು ಜನ ನಡೆದು ಬರುತ್ತಾರೆ, ಬಂದವರಿಂದ ಊರಿಗೆ ನಾಲ್ಕು ಕಾಸು ಸಿಗುತ್ತದೆ ಎಂದಾದರೆ ಅದನ್ನು ಉಳಿಸಿಕೊಳ್ಳಬೇಕೆನ್ನುವವರ ಮಾತಿಗೆ ಪಂಚಾಯಿತಿಯಲ್ಲೂ ಜಿಲ್ಲಾ ಕಚೇರಿಯಲ್ಲೂ ತೂಕ ಹೆಚ್ಚುತ್ತದೆ. ವಾರದ ರಜೆ ಇಲ್ಲದವರು ಮುಂದಿನ ಜನವರಿಯ ಒಂದು ಶನಿವಾರ, ಭಾನುವಾರ ಕಾರೈ ಒಂದನ್ನೇ ನೋಡಿ ಬನ್ನಿ. ತೇರಿಗೆ ಬಿಡುವು ಮಾಡಿಕೊಳ್ಳುವ ದಾರಿಯನ್ನು ಆಮೇಲೆ ನೀವೇ ಹುಡುಕುತ್ತೀರಿ.